ಕೌದಿ ಕೋಟಿನ ಉಡಿ

ಸಿಂಧನೂರಿನ ಚನ್ನವೀರ ಸಾಹುಕಾರರ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕುಪ್ಪಸ ಕತ್ತರಿಸಿದ ಕರೀಮಾಬಿ, ಯುಗಾದಿ ಮುಗಿದ ಮೂರನೆಯ ದಿನ ಕತ್ತರಿಯನ್ನು ಮೇಜಿನ ಮೇಲಿಟ್ಟು, "ನಾಳಿಂದ ನಾ ಬರಂಗಿಲ್ರೀ" ಎಂದಾಗ, ಅಂಗಡಿಯವರೆಲ್ಲ ಅವಳಿಗೆ ಜ್ವರ ಬಂದಿರಬೇಕು ಎಂದುಕೊಂಡರು. ಜ್ವರ ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಅದೂ ಸಾಹುಕಾರರ ಮೇಲಲ್ಲ, ಸಂಬಳದ ಮೇಲಲ್ಲ, ಒಂದು ಚಿಂದಿ ಬಟ್ಟೆಯ ಸಲುವಾಗಿ.

ಆದದ್ದಿಷ್ಟು. ಅವಳ ಗಂಡ ಹುಸೇನ್‌ಸಾಬ್ ಗೂಡ್ಸ್ ಆಟೋ ಓಡಿಸುವವನು. ಹಿಂದಿನ ಭಾನುವಾರ ಅವನ ಜತೆ ನುಚ್ಚಕ್ಕಿ ತರಲು ಅಕ್ಕಿ ಗಿರಣಿಗೆ ಹೋಗಿದ್ದಳು. ಅಲ್ಲಿ ಒಬ್ಬ ಆಳು ಯಂತ್ರದ ಗ್ರೀಸು ಒರೆಸುತ್ತಿದ್ದ. ಒರೆಸುತ್ತಿದ್ದದ್ದು ಇಳಕಲ್ ಸೀರೆಯ ಸೆರಗಿನಿಂದ. ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ಗೋಪುರದ ಸಾಲು. ಕರೀಮಾಬಿ ಮುಂದೆ ಹೋಗಿ ಅವನ ಕೈಯಿಂದ ಅದನ್ನು ಕಸಿದುಕೊಂಡಳು.

"ಚಿಂದಿರೀ ಯಕ್ಕಾ ಅದು" ಎಂದು ಆಳು ಹಲ್ಲು ಕಿರಿದ.

"ನಿಮ್ಮವ್ವ ಮದಿವ್ಯಾಗ ಉಟ್ಟಿರ್ತಾಳೋ ಇದನ್ನ. ಚಿಂದಿ ಅಂತಾನ, ಚಿಂದಿ!" ಎಂದು ಬೈದು, ಸೆರಗನ್ನು ಮನೆಗೆ ತಂದು ಅಂಟುವಾಳದ ನೀರಿನಲ್ಲಿ ಮೂರು ಸಲ ಹಿಂಡಿದಳು. ಗ್ರೀಸಿನ ಕಪ್ಪೆಲ್ಲ ಇಳಿದು ಹೋಯಿತು. ಕೆಂಪು ಮಾತ್ರ ಒಂದು ಚೂರೂ ಮಾಸಿರಲಿಲ್ಲ.

ಇಳಕಲ್ ಸೀರೆಯ ಗುಣವೇ ಅದು. ಒಡಲು ನೂಲಿನದು, ಸೆರಗು ರೇಷ್ಮೆಯದು. ಹೊಲ ಮನೆ ಅಂತ ಓಡಾಡುವ ಹೆಂಗಸಿನ ಸೀರೆ ಮೊಣಕಾಲಿನ ಹತ್ತಿರ ಹರಿಯುತ್ತದೆ. ಸೆರಗು ಇನ್ನೂ ಇಪ್ಪತ್ತು ವರ್ಷ ಗಟ್ಟಿಯಾಗಿರುತ್ತದೆ. ಅಂಥ ಸೀರೆಗಳನ್ನು ಪಾತ್ರೆ ಗಿಡ್ಡಪ್ಪ ಊರೂರು ತಿರುಗಿ, ಸೀರೆಗೊಂದು ಸ್ಟೀಲ್ ಡಬರಿ ಕೊಟ್ಟು ಒಯ್ದು, ಗಿರಣಿಗಳಿಗೆ ಒರೆಸುವ ಅರಿವೆ ಎಂದು ಹಾಕುತ್ತಿದ್ದ. ಅತ್ತೆಯ ಮದುವೆ ಸೀರೆ ಕೊಟ್ಟು ಡಬರಿ ತಗೊಂಡು, ಏನೋ ಗೆದ್ದವರಂತೆ ಬೀಗುವ ಸೊಸೆಯಂದಿರಿಗೆ ಯಾರು ಬುದ್ಧಿ ಹೇಳಬೇಕು? ಕರೀಮಾಬಿ ಹೇಳಲು ಹೋಗಲಿಲ್ಲ. ಗಿಡ್ಡಪ್ಪನನ್ನೇ ಹಿಡಿದು, "ಇನ್ನ ಮುಂದ ಇಳಕಲ್ಲು ಸಿಕ್ರ ಗಿರಣಿಗೆ ಹಾಕಬ್ಯಾಡ, ನನ್ನ ಕಡೆ ತಾ" ಎಂದಳು.

ಮರುದಿನವೇ ಕೆಲಸ ಬಿಟ್ಟಳು. ಚನ್ನವೀರ ಸಾಹುಕಾರರು ಕೆಟ್ಟವರಲ್ಲ. ಬೈಯಲಿಲ್ಲ, ತಡೆಯಲೂ ಇಲ್ಲ. ಕನ್ನಡಕ ಮೇಲಕ್ಕೇರಿಸಿ, "ಹೊಸಾ ಬಟ್ಟಿ ಬಿಟ್ಟು ಹಳೇ ಬಟ್ಟಿ ಬೆನ್ನ ಹತ್ತಿ ಹೊಂಟೀಯಲ್ಲ ಕರೀಮಾಬಿ. ಇರ್ಲಿ. ದೀಪಾವಳಿ ತನಕ ನಿನ್ನ ಜಾಗ ಹಂಗಾ ಇಟ್ಟಿರ್ತೀನಿ. ಅಷ್ಟರಾಗ ತಿರುಗಿ ಬಾ. ಆಮ್ಯಾಲ ಬ್ಯಾರೆಯವ್ರನ್ನ ಕೂಡಸ್ತೀನಿ ನೋಡು" ಎಂದರು. ಮರಳಿ ಬಂದೇ ಬರುತ್ತಾಳೆ ಎಂಬ ಆ ಖಾತ್ರಿ ಇತ್ತಲ್ಲ, ಅದು ಅವಳಿಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಏನೇ ಆಗಲಿ, ಆ ಮೇಜಿನ ಹಿಂದೆ ಮತ್ತೆ ಕೂಡುವುದಿಲ್ಲ ಎಂದು ಬಸ್ಸಿನಲ್ಲಿ ತನ್ನೂರು ಮಸ್ಕಿ ಮುಟ್ಟುವವರೆಗೂ ತನಗೆ ತಾನೇ ಹೇಳಿಕೊಂಡಳು.

ಮಸ್ಕಿಯಲ್ಲಿ ಹಳೆಯ ಶೇಂಗಾ ಗೋದಾಮೊಂದು ಖಾಲಿ ಬಿದ್ದಿತ್ತು. ಗುಡಿಸಿ ಸುಣ್ಣ ಹೊಡೆಸಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಒಂಬತ್ತಾದರು. ಅವಳ ಯೋಚನೆ ಸರಳವಾಗಿತ್ತು: ಸೆರಗನ್ನು ಹೊರಗಿಟ್ಟು, ಹರಿದ ಒಡಲಿನ ಗಟ್ಟಿ ಭಾಗವನ್ನು ಒಳಗೆ ಎರಡು ಪದರ ಕೊಟ್ಟು, ಹಳೆ ಬಟ್ಟೆಯ ಹೊದಿಕೆ ಕೌದಿ ಹೊಲಿಯುವ ಹಾಗೆ ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ಎಳೆ ಹಾಕಿ, ತೋಳಿಲ್ಲದ ಕೋಟು ಮಾಡುವುದು. ಹೊಸ ನೂಲಿಲ್ಲ, ಹೊಸ ಬಣ್ಣವಿಲ್ಲ; ಅಂಟುವಾಳ, ಬಿಸಿಲು, ಸೂಜಿ, ದಾರ ಅಷ್ಟೇ. ಕತ್ತರಿ ಅವಳದು. ಸೂಜಿಗೆ ಮಾತ್ರ ಯಜಮಾನಿ ಬೇರೆ ಇದ್ದಳು, ಕಲ್ಯಾಣಮ್ಮ.

ಕಲ್ಯಾಣಮ್ಮನ ಊರು ಸಿಂಧನೂರಿನ ಆಚೆಯ ಮುಕ್ಕುಂದ. ಮಗ ಸೊಸೆ ಅಲ್ಲಿ, ಮಗಳು ಮಸ್ಕಿಯಲ್ಲಿ. ಯಾರ ಮೇಲೆ ಸಿಟ್ಟು ಬರುತ್ತದೋ ಅವರನ್ನು ಬಿಟ್ಟು ಇನ್ನೊಬ್ಬರ ಮನೆಯಲ್ಲಿ ಇರುವುದು ಅವಳ ಪದ್ಧತಿ. ಆ ವರ್ಷ ಸೊಸೆಯ ಮೇಲೆ ಸಿಟ್ಟಿತ್ತು. ಎಪ್ಪತ್ತರ ಮುದುಕಿ, ಚಶ್ಮಾ ಇಲ್ಲದೆ ಸೂಜಿಗೆ ದಾರ ಏರಿಸುತ್ತಿದ್ದಳು. ಅವಳು ಹಾಕಿದ ಎಳೆಯ ಮೇಲೆ ಕೈಯಾಡಿಸಿದರೆ ಎಲ್ಲಿ ಸೂಜಿ ಹೋಯಿತು, ಎಲ್ಲಿ ಬಂತು ತಿಳಿಯುತ್ತಿರಲಿಲ್ಲ. ಉಳಿದವರು ಹೊಲಿದು ಕೊಟ್ಟ ಕೋಟಿನ ಕೊನೆಯ ಮೂಲೆಯನ್ನು ಮುಚ್ಚುವ ಕೆಲಸ ಅವಳದೇ. ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಮೊದಲ ನಾಲ್ಕು ತಿಂಗಳು ಕೋಟುಗಳು ಸಂತೆಯಲ್ಲಿ ಮಳೆಗಾಲದ ಮಾವಿನಕಾಯಿಯಂತೆ ಕೂತವು. ಐದನೆಯ ತಿಂಗಳು ಲಿಂಗಸುಗೂರಿನ ಒಬ್ಬ ಟೀಚರಮ್ಮ ಒಂದನ್ನು ಹಾಕಿಕೊಂಡು ಮದುವೆಗೆ ಹೋದಳು. ಅದನ್ನು ಅರ್ಜುಮಂದ್ ಬೇಗಂ ನೋಡಿದರು. ಅರ್ಜುಮಂದ್‌ರ ತವರು ಲಿಂಗಸುಗೂರು, ವ್ಯಾಪಾರ ಹೈದರಾಬಾದು. ಅಲ್ಲಿ ನಾಡ ಉಡುಪುಗಳ ದೊಡ್ಡ ಅಂಗಡಿ. ಮದುವೆ ಊಟ ಅರ್ಧಕ್ಕೆ ಬಿಟ್ಟು ವಿಳಾಸ ಕೇಳಿಕೊಂಡು ಮಸ್ಕಿಗೆ ಬಂದರು. ಕೋಟನ್ನು ಒಳಗು ಹೊರಗು ಮಾಡಿ ನೋಡಿ, "ನಲವತ್ತು ಕಳಸ್ರಿ. ಚಲೋ ಹೋದ್ವು ಅಂದ್ರ ತಿಂಗಳಾ ತಗೋತೀನಿ" ಎಂದರು. ಆ ದಿನ ಗೋದಾಮಿನಲ್ಲಿ ಕುಣಿಯುವುದೊಂದು ಬಾಕಿ. ತಿಂಗಳಾ ನಲವತ್ತು ಎಂದರೆ ಒಂಬತ್ತು ಹೆಂಗಸರು ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವುದು ತಪ್ಪಿದಂತೆ, ಕರೀಮಾಬಿ ಸಿಂಧನೂರಿನ ಮೇಜಿಗೆ ಮರಳುವುದು ತಪ್ಪಿದಂತೆ.

ನಲವತ್ತು ಕೋಟುಗಳು ಪಾರ್ಸೆಲ್ ಆಗಿ ಹೋದವು. ಹತ್ತನೆಯ ದಿನ ಫೋನು ಬಂತು.

"ಕರೀಮಾಬಿ, ನೀವು ಕೋಟು ಕಳಿಸೀರೋ, ಇರಿವಿ ಗೂಡು ಕಳಿಸೀರೋ?" ಎಂದರು ಅರ್ಜುಮಂದ್. "ಗಿರಾಕಿ ಒಬ್ಬಾಕಿ ಹಾಕ್ಕೊಂಡು ನೋಡಾಕ ಹೋಗಿ ಚಿಟ್ಟನ ಚೀರಿದ್ಳು. ನನ್ನ ಅಂಗಡಿ ತುಂಬ ಕೆಂಪಿರಿವಿ. ಎಲ್ಲಾ ವಾಪಸ್ ಹಾಕೀನಿ. ಬಸ್ ಸ್ಟ್ಯಾಂಡಿನ್ಯಾಗ ತಗೋರಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಕರೀಮಾಬಿ ಸಾವಿರ ಸಲ ಕೇಳಿದ್ದಳು. ಅದು ಹೇಗಿರುತ್ತದೆ ಎಂಬುದು ಸಿಂಧನೂರು ಬಸ್ ಸ್ಟ್ಯಾಂಡಿನ ಪಾರ್ಸೆಲ್ ಕೋಣೆಯಲ್ಲಿ ಗೊತ್ತಾಯಿತು. ಗಂಟಿನ ಹೊರಗೇ ಇರುವೆಗಳು ಸಾಲು ಹಿಡಿದಿದ್ದವು. ಒಂದು ಕೋಟು ಕೊಡವಿ ನೋಡಿದಳು. ಸಾಲು ಹೋಗುತ್ತಿದ್ದದ್ದು ಕೆಳಗಿನ ಒಂದೇ ಮೂಲೆಗೆ. ಬ್ಲೇಡಿನಿಂದ ಹೊಲಿಗೆ ಬಿಚ್ಚಿದಳು. ಒಳಗಿನಿಂದ ಉಗುರಿನಷ್ಟು ಕಂದು ಚೂರು ಬಿತ್ತು. ಮೂಗಿಗೆ ಹಿಡಿದಳು. ಬೆಲ್ಲ, ಏಲಕ್ಕಿ.

ಹೋಳಿಗೆ!

ಕರೀಮಾಬಿ ಗಂಟಿನ ಮೇಲೆಯೇ ಕುಸಿದು ಕೂತಳು. ಕಲ್ಯಾಣಮ್ಮ ವಾರಕ್ಕೆ ಎರಡು ಸಲ ಮಗಳ ಮನೆಯಿಂದ ಹೋಳಿಗೆ ತರುತ್ತಿದ್ದಳು. ಎಲ್ಲರಿಗೂ ಹಂಚುತ್ತಿದ್ದಳು. ಕರೀಮಾಬಿಯೂ ತುಪ್ಪ ಹಾಕಿಕೊಂಡು ತಿಂದು, "ಭಾರಿ ಆಗ್ಯಾವ ಯಮ್ಮಾ" ಎಂದು ಹೊಗಳಿದ್ದಳು. ಉಳಿದದ್ದು ಎಲ್ಲಿ ಹೋಗುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಕೇಳಬೇಕಿತ್ತು. ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ತುತ್ತು ಇಟ್ಟು ಮುಚ್ಚುವುದು ಈ ಸೀಮೆಯ ಪದ್ಧತಿ. ಕೌದಿ ಹಸಿದುಕೊಂಡು ಮನೆ ಬಿಡಬಾರದು. ಅವಳ ತಾಯಿಯೂ ಇಡುತ್ತಿದ್ದಳು. ಆದರೆ ಆ ಕೌದಿಗಳು ಮನೆಯಲ್ಲೇ ಇರುತ್ತಿದ್ದವು, ಬಿಸಿಲು ಕಾಣುತ್ತಿದ್ದವು. ಹತ್ತು ದಿನ ಪ್ಲಾಸ್ಟಿಕ್ಕಿನೊಳಗೆ ಬೆವರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವಳಿಗೆ ಸೂಜಿಯವರ ಸಂಗತಿ ಮರೆತೇ ಹೋಗಿತ್ತು.

ತಮ್ಮ ಅಂಗಡಿಯ ಪಾರ್ಸೆಲ್ ಬಿಡಿಸಿಕೊಳ್ಳಲು ಬಂದಿದ್ದ ಚನ್ನವೀರ ಸಾಹುಕಾರರು ಇದನ್ನೆಲ್ಲ ನೋಡುತ್ತ ನಿಂತಿದ್ದರು. "ದೀಪಾವಳಿಗೆ ಇನ್ನ ಒಂದು ತಿಂಗಳೈತಿ, ಗಾಬರಿ ಆಗಬ್ಯಾಡ" ಎಂದು ಮೆಲ್ಲಗೆ ಹೇಳಿ ಹೋದರು. ಕರೀಮಾಬಿಗೆ ಇರುವೆ ಕಚ್ಚಿದ್ದಕ್ಕಿಂತ ಅದೇ ಹೆಚ್ಚು ಉರಿಯಿತು.

ಆ ಉರಿಯನ್ನೆಲ್ಲ ತಂದು ಮಸ್ಕಿಯಲ್ಲಿ ಕಲ್ಯಾಣಮ್ಮನ ಮೇಲೆ ಸುರಿದಳು.

"ಯಾಕ ಇಟ್ಟಿ ಯಮ್ಮಾ ಇದನ್ನ?"

"ಯಾಕ ಅಂದ್ರ?" ಕಲ್ಯಾಣಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಸಿದ ಕೌದಿ ಹೊಚಗೊಂಡವ್ರಿಗೆ ಒಳ್ಳೇದಾಕ್ಕೈತೇನು? ತುತ್ತು ಇಟ್ಟೀನಿ."

"ಇದು ಕೌದಿ ಅಲ್ಲ, ಕೋಟು!"

"ಪದರಿನ ಮ್ಯಾಲ ಪದರು ಐತಿ, ಎಳಿ ಸುತ್ತ ಬಂದೈತಿ. ನೀ ಕೋಟು ಅನ್ನು, ಪ್ಯಾಂಟು ಅನ್ನು, ನನಗ ಅದು ಕೌದಿನಾ."

"ನಿನ್ನ ಮೂಢನಂಬಿಕಿಗೆ ನನ್ನ ಕಾರ್ಖಾನಿ ಮುಣಗಿ ಹೋತು!" ಎಂದು ಕರೀಮಾಬಿ ಕೂಗಿದಳು. ಬಾಯಿಂದ ಬಿದ್ದ ಮಾತು, ಮತ್ತೆ ಎತ್ತಿಕೊಳ್ಳಲು ಬರುವುದಿಲ್ಲ. ಕಲ್ಯಾಣಮ್ಮ ಸೂಜಿಯನ್ನು ಮೆತ್ತೆಗೆ ಚುಚ್ಚಿ, ಎಲೆಯಡಿಕೆ ಚೀಲ ಎತ್ತಿಕೊಂಡು ಹೊರಟುಹೋದಳು. ಮಧ್ಯಾಹ್ನದ ಬಸ್ಸಿಗೇ ಮುಕ್ಕುಂದಕ್ಕೆ ಹೋದಳಂತೆ. ಸೊಸೆಯ ಮೇಲಿನ ಸಿಟ್ಟಿಗಿಂತ ಈ ಸಿಟ್ಟು ದೊಡ್ಡದಾಗಿತ್ತು.

"ಹೋಗ್ಲಿ. ಮೂಲಿ ನೀವಾ ಮುಚ್ಚರಿ. ತುತ್ತು ಗಿತ್ತು ಏನೂ ಬ್ಯಾಡ" ಎಂದಳು ಕರೀಮಾಬಿ ಉಳಿದ ಎಂಟು ಮಂದಿಗೆ. ಯಾರೂ ಕೈ ಹಾಕಲಿಲ್ಲ. ಅವರಲ್ಲಿ ಮಾಸುಂಬಿ ಎಂಬ ಅವಳ ದೂರದ ತಂಗಿಯೂ ಇದ್ದಳು. ಅವಳೂ ತಲೆ ಅಲ್ಲಾಡಿಸಿದಳು.

"ನೀನೂ ಏನಬೇ?"

"ನಮ್ಮ ನಾನೀನೂ ಇಡ್ತಿದ್ಳು ಆಪಾ" ಎಂದಳು ಮಾಸುಂಬಿ. "ಹಸಿದ ಕೌದಿ ಮುಚ್ಚಾಕ ನನಗ ಮನಸು ಬರಂಗಿಲ್ಲ. ಹೊಡಿ ಬೇಕಾದ್ರ."

ಹೀಗೆ ಎತ್ತು ಏರಿಗೆ, ಕೋಣ ನೀರಿಗೆ. ತುತ್ತಿದ್ದರೆ ಹೈದರಾಬಾದು ಒಲ್ಲದು, ಇಲ್ಲದಿದ್ದರೆ ಮಸ್ಕಿ ಹೊಲಿಯದು. ಮೂರು ದಿನ ಗೋದಾಮಿನ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಹುಸೇನ್‌ಸಾಬ್ ರೊಟ್ಟಿ ಮುರಿಯುತ್ತ, "ಆ ಬೇಗಂ ಕೋಟು ನೋಡಿ ಹಂಗ್ಯಾಕ ಓಡಿ ಬಂದ್ಳು? ನಿನ್ನ ಕತ್ತರಿ ನೋಡಿ ಬಂದ್ಳೋ, ಮುದುಕಿ ಎಳಿ ನೋಡಿ ಬಂದ್ಳೋ?" ಎಂದು ಕೇಳಿದ. ಕರೀಮಾಬಿಗೆ ಉತ್ತರ ಗೊತ್ತಿತ್ತು, ಅದಕ್ಕೇ ಸಿಟ್ಟು ಬಂತು. ಊಟ ಮುಗಿಸಿ ಮುಕ್ಕುಂದಕ್ಕೆ ಹೊರಟಳು.

ಮುಕ್ಕುಂದದ ಮನೆಯ ಪಡಸಾಲೆಯಲ್ಲಿ ಕಲ್ಯಾಣಮ್ಮ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಕರೀಮಾಬಿ ಎದುರಿಗೆ ಕೂತು ತಾನೂ ಆರಿಸತೊಡಗಿದಳು. ಅರ್ಧ ಮೊರ ಮುಗಿದ ಮೇಲೆ, "ಮೂಢ ಅಂದಿದ್ದು ತಪ್ಪಾತು ಯಮ್ಮಾ" ಎಂದಳು.

"ತಪ್ಪಂತೂ ಆತು" ಎಂದಳು ಕಲ್ಯಾಣಮ್ಮ. ಒಂದು ಕಲ್ಲು ಆರಿಸಿ ಬಿಸಾಕಿದಳು. "ಇರಿವಿ ಹತ್ತಿದ್ದೂ ಖರೇ ಐತಿ. ಅದು ನನ್ನ ತಪ್ಪು. ಮೂರು ದಿನ ಅದನ್ನಾ ಯೋಚನಿ ಮಾಡಾಕತ್ತೀನಿ. ಆದ್ರ ಖಾಲಿ ಹೊಟ್ಟೀಲೆ ಕಳಸಾಕ ನನ್ನ ಕೈಲೆ ಆಗಂಗಿಲ್ಲ. ನನ್ನ ಬಿಟ್ಟು ಬಿಡು. ಬ್ಯಾರೆಯವ್ರನ್ನ ನೋಡು."

ಬೇರೆಯವರು ಎಲ್ಲಿದ್ದರು? ಕರೀಮಾಬಿ ನಿಟ್ಟುಸಿರು ಬಿಟ್ಟು ಎದ್ದಳು. ಆಗ ಒಳಗಿನಿಂದ ಸೊಸೆ ಶಿವಕುಮಾರಿ, "ತಡೀರಿ ಯಕ್ಕಾ, ಮೊದಲನೇ ಸಲ ಮನಿಗೆ ಬಂದೀರಿ, ಬರಿ ಸೆರಗಿಲೆ ಹೋಗಬಾರದು" ಎನ್ನುತ್ತ ತಟ್ಟೆ ಹಿಡಿದು ಬಂದಳು. ಈ ಕಡೆ ಮುತ್ತೈದೆಯಾಗಿ ಬಂದವಳು ಯಾವ ಜಾತಿಯವಳಾದರೂ ಉಡಿ ತುಂಬಿಯೇ ಕಳಿಸುತ್ತಾರೆ. ಕರೀಮಾಬಿ ಸೆರಗು ಒಡ್ಡಿದಳು. ಐದು ಹಿಡಿ ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಅಡಿಕೆ ಬಿತ್ತು. ಎಲ್ಲದರ ಮೇಲೆ ಶಿವಕುಮಾರಿ ಮಡಿಚಿದ ಒಂದು ಖಣವನ್ನು, ಅಂದರೆ ಕುಪ್ಪಸದ ತುಂಡನ್ನು ಇಟ್ಟಳು.

ಕರೀಮಾಬಿ ಸೆರಗು ಒಡ್ಡಿಕೊಂಡು ಹಾಗೇ ನಿಂತುಬಿಟ್ಟಳು.

"ಏನಾತ್ರಿ?" ಎಂದು ಶಿವಕುಮಾರಿ ಗಾಬರಿಯಾದಳು.

"ಯಮ್ಮಾ" ಎಂದು ಕರೀಮಾಬಿ ಮುದುಕಿಯ ಕಡೆ ತಿರುಗಿದಳು. "ಮಗಳು ಗಂಡನ ಮನಿಗೆ ಹೋಗುವಾಗ ಬರೇ ಅಕ್ಕಿ ಹಾಕಿ ಕಳಸ್ತೀಯೇನು?"

"ಖಣ ಇಲ್ದ ಉಡಿ ಇರ್ತೈತೇನು? ಹುಚ್ಚು ಹಿಡದೈತೇನು ನಿನಗ?"

"ಹಂಗಾರ ಕೋಟಿಗೆ ಉಡಿ ತುಂಬೋಣು. ಖಣ ಇಟ್ಟು ತುಂಬೋಣು."

ಕಲ್ಯಾಣಮ್ಮನ ಕೈ ಅಕ್ಕಿಯಲ್ಲೇ ನಿಂತಿತು. "ಖಣ ಉಂಡ್ರ ಹೊಟ್ಟಿ ತುಂಬತೈತೇನು?"

"ಅಕ್ಕಿ ಹೊಟ್ಟಿಗೆ, ಖಣ ಮಾನಕ್ಕ. ಕೋಟು ಹೈದರಾಬಾದಿಗೆ ಹೋಗೂದು ಉಣ್ಣಾಕಲ್ಲ ಯಮ್ಮಾ, ಮೈ ಮುಚ್ಚಾಕ. ಅರಿವಿಗೆ ಅರಿವಿನಾ ತುತ್ತು."

ಅಂಗಳದಲ್ಲಿ ಕೋಳಿಯೊಂದು ಮುದುಕಿ ಬಿಸಾಕಿದ ಕಲ್ಲುಗಳನ್ನು ಕುಕ್ಕಿ ಕುಕ್ಕಿ ನೋಡುತ್ತಿತ್ತು. ಕೊನೆಗೆ ಕಲ್ಯಾಣಮ್ಮ ಸೊಸೆಯ ಕಡೆ ನೋಡಿ, "ನನ್ನ ಟ್ರಂಕು ತಾ" ಎಂದಳು. ಟ್ರಂಕಿನಲ್ಲಿ ಖಣಗಳಿದ್ದವು, ಒಂದಲ್ಲ ಎರಡಲ್ಲ, ನಲವತ್ತು ಐವತ್ತು. ಉಡಿಯಲ್ಲಿ ಬಂದ ಖಣದ ಹಣೆಬರಹ ಯಾವ ಮನೆಯಲ್ಲಾದರೂ ಅಷ್ಟೇ: ಯಾರೂ ಹೊಲಿಸುವುದಿಲ್ಲ, ಮುಂದಿನ ಮನೆಯ ಉಡಿಗೆ ದಾಟಿಸುತ್ತಾರೆ, ಇಲ್ಲವೆಂದರೆ ಟ್ರಂಕಿನ ತಳದಲ್ಲಿ ಮಲಗಿಸುತ್ತಾರೆ.

"ಆದ್ರ ಒಂದ ಮಾತು" ಎಂದಳು ಕಲ್ಯಾಣಮ್ಮ ಬೆರಳೆತ್ತಿ. "ಉಡಿ ನಾಕು ಮಂದಿ ಕಣ್ಣ ಮುಂದ ತುಂಬತಾರ. ಕದ್ದು ತುಂಬೂದಿಲ್ಲ. ಖಣ ಒಳಗ ಮುಚ್ಚಿ ಹೊಲಿಯಂಗಿಲ್ಲ. ಹೊರಗ ಕಾಣಬೇಕು."

ಇಪ್ಪತ್ತೆರಡು ವರ್ಷ ಕುಪ್ಪಸ ಕತ್ತರಿಸಿದವಳಿಗೆ ಆ ಮಾತು ಕೇಳುತ್ತಲೇ ಕೋಟು ಕಣ್ಣಿಗೆ ಕಟ್ಟಿತು. ಕೆಂಪು ರೇಷ್ಮೆಯ ಕೆಳ ಮೂಲೆಯಲ್ಲಿ ಅಂಗೈಯಷ್ಟು ಮುಕ್ಕೋನ ಖಣ. ಹಸಿರು, ಹಳದಿ, ಗಿಣಿ ಬಣ್ಣ, ಕೋಟಿಗೊಂದು. ಅದರ ಹೊಟ್ಟೆಯೊಳಗೆ ಇಷ್ಟು ದಿನ ಗುಡಿಸಿ ಒಲೆಗೆ ಹಾಕುತ್ತಿದ್ದ ಕತ್ತರಿಸಿ ಉಳಿದ ಚೂರುಗಳನ್ನೇ ತುಂಬಿದರಾಯಿತು. ಅಲ್ಲಿಗೆ ಸೀರೆಯ ಒಂದು ಎಳೆಯೂ ಕಸಕ್ಕೆ ಹೋಗುವುದಿಲ್ಲ. ಕರೀಮಾಬಿಗೆ ಮುದುಕಿಯನ್ನು ಎತ್ತಿಕೊಂಡು ಕುಣಿಯುವಷ್ಟು ಸಂತೋಷವಾಯಿತು. ಕುಣಿಯಲಿಲ್ಲ, ಕಾಲು ಮುಟ್ಟಿದಳು.

ನಲವತ್ತು ಕೋಟುಗಳ ಮೂಲೆ ಬಿಚ್ಚಿ, ಅಂಟುವಾಳಕ್ಕೆ ಬೇವಿನೆಲೆ ಕೂಡಿಸಿ ಎರಡೆರಡು ಸಲ ತೊಳೆದು, ಮಸ್ಕಿಯ ಬಿಸಿಲಿಗೆ ಹರವಿದರು. ಎಂಟೂ ಹೆಂಗಸರು ತಂತಮ್ಮ ಟ್ರಂಕು ತೆರೆದು ಖಣ ತಂದರು. ಮಾಸುಂಬಿ ತನ್ನ ಮದುವೆಯಲ್ಲಿ ನೆರೆಮನೆಯವರು ತುಂಬಿದ ಉಡಿಯ ಖಣವನ್ನೇ ತಂದಳು. ಹದಿನೈದು ದಿನ ಸೂಜಿ ನಿಲ್ಲಲಿಲ್ಲ.

ಅರ್ಜುಮಂದ್ ಮಾತ್ರ ಫೋನಿನಲ್ಲಿ ಒಪ್ಪಲಿಲ್ಲ. "ಒಮ್ಮೆ ಇರಿವಿ ಬಂತಂದ್ರ ಗಿರಾಕಿ ಮರಿಯಂಗಿಲ್ಲ" ಎಂದರು. ಕೊನೆಗೆ ಬಹಳ ಬೇಡಿಕೊಂಡ ಮೇಲೆ, "ಶುಕ್ರವಾರ ಲಿಂಗಸುಗೂರಿಗೆ ತಮ್ಮನ ಮನಿಗೆ ಬರ್ತೀನಿ. ಐದು ನಿಮಿಷ ಕೊಡ್ತೀನಿ" ಎಂದರು. ದೀಪಾವಳಿ ಅದರ ಮುಂದಿನ ವಾರ ಇತ್ತು. ಅಲ್ಲಿ ಆಗಲಿಲ್ಲ ಎಂದರೆ ಮತ್ತೆ ಸಿಂಧನೂರಿನ ಮೇಜು. ಅದು ಕರೀಮಾಬಿಗೂ ಗೊತ್ತಿತ್ತು, ಆ ಒಂಬತ್ತು ಮಂದಿಗೂ ಗೊತ್ತಿತ್ತು. ಅದಕ್ಕೇ ಯಾರೂ ಮನೆಯಲ್ಲಿ ಉಳಿಯಲಿಲ್ಲ. ಹತ್ತು ಹೆಂಗಸರು ಹತ್ತು ಕೋಟು ತೊಟ್ಟು, ಉಳಿದ ಮೂವತ್ತರ ಗಂಟು ಹೊತ್ತು ಲಿಂಗಸುಗೂರಿನ ಬಸ್ಸು ಹತ್ತಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನೋಡಿದ.

ಅರ್ಜುಮಂದ್‌ರ ತವರಿನ ಅಂಗಳದಲ್ಲಿ ದೊಡ್ಡ ಬೇವಿನ ಮರವಿತ್ತು. ಅವರು ಕುರ್ಚಿಯಲ್ಲಿ ಕೂತು ಎಲ್ಲರನ್ನೂ ನೋಡಿದರು. ಖಣದ ಮೂಲೆಯ ಮೇಲೆ ಕಣ್ಣು ನಿಂತಿತು. ಮುಖ ಮಾತ್ರ ಸಡಿಲಾಗಲಿಲ್ಲ. ಕಲ್ಯಾಣಮ್ಮ ಯಾರೂ ಕೇಳುವ ಮೊದಲೇ ಮುಂದೆ ಬಂದು, "ಹೋಳಿಗಿ ಇಟ್ಟಾಕಿ ನಾನಾ. ಈಕಿದೇನೂ ತಪ್ಪಿಲ್ಲ" ಎಂದಳು. ಯಾಕೆ ಇಟ್ಟೆ, ಈಗ ಏನು ಇಟ್ಟೆ ಎಂಬುದನ್ನೂ ಹೇಳಿದಳು.

ಅರ್ಜುಮಂದ್ ಎಲ್ಲ ಕೇಳಿ, "ಮಾತು ಚಲೋ ಅದ ಅಮ್ಮಾ. ಆದ್ರ ಇರಿವಿಗೆ ಮಾತು ತಿಳಿಯಂಗಿಲ್ಲ" ಎಂದರು. ಎದ್ದು ಬೇವಿನ ಬುಡಕ್ಕೆ ಹೋದರು. ಅಲ್ಲಿ ಕೆಂಪಿರುವೆಯ ಸಾಲು ಹರಿದಿತ್ತು. ಕಲ್ಯಾಣಮ್ಮ ತೊಟ್ಟ ಕೋಟನ್ನೇ ಬಿಚ್ಚಿಸಿ, ಖಣದ ಮೂಲೆ ಸರಿಯಾಗಿ ಸಾಲಿನ ಮೇಲೆ ಬರುವಂತೆ ನೆಲಕ್ಕೆ ಹಾಸಿದರು. "ಒಂದು ತಾಸು ನೋಡೋಣು" ಎಂದು ಮತ್ತೆ ಕುರ್ಚಿಯಲ್ಲಿ ಕೂತರು.

ಐದು ನಿಮಿಷ ಎಂದವರು ಒಂದು ತಾಸು ಕೊಟ್ಟರಲ್ಲ, ಅದೇ ದೊಡ್ಡದು ಎಂದು ಕರೀಮಾಬಿ ಸಮಾಧಾನ ಮಾಡಿಕೊಂಡಳು. ಸಮಾಧಾನ ನಿಲ್ಲಲಿಲ್ಲ. ಹತ್ತು ಹೆಂಗಸರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಇರುವೆ ಕಾಯುತ್ತ ಕೂತರು. ಲಿಂಗಸುಗೂರಿನ ಚರಿತ್ರೆಯಲ್ಲಿ ಇರುವೆಗಳಿಗೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಸಾಲು ಮೊದಲು ಗಲಿಬಿಲಿಯಾಯಿತು. ಒಂದು ಇರುವೆ ಖಣದ ಅಂಚು ಹತ್ತಿತು. ಮಾಸುಂಬಿ "ಯಾ ಅಲ್ಲಾ" ಎಂದಳು; ಇನ್ನೊಬ್ಬಳು "ಬಸವಣ್ಣಾ" ಎಂದಳು. ಹಿಂದೆ ಇನ್ನೆರಡು ಹತ್ತಿದವು. ಮೊದಲಿನದು ಹಳದಿ ಖಣದ ಮೇಲೆ ಒಂದು ಸುತ್ತು ಹಾಕಿತು, ಹೊಲಿಗೆಯ ಮೇಲೆ ಮೀಸೆ ಆಡಿಸಿತು. ಚಹಾ ಬಂತು, ಯಾರೂ ಮುಟ್ಟಲಿಲ್ಲ.

ಇರುವೆ ಆ ಕಡೆಯಿಂದ ಇಳಿದು ಹೋಯಿತು. ಹಿಂದಿನವೂ ಇಳಿದವು. ಸ್ವಲ್ಪ ಹೊತ್ತಿನಲ್ಲಿ ಸಾಲು ಕೋಟನ್ನು ಬಳಸಿಕೊಂಡು, ಒಂದು ಗೇಣು ದೂರದಲ್ಲಿ ಹೊಸ ದಾರಿ ಮಾಡಿಕೊಂಡಿತು. ತಾಸು ಮುಗಿಯುವ ಹೊತ್ತಿಗೆ ಕೋಟಿನ ಮೇಲೆ ಒಂದೂ ಇರಲಿಲ್ಲ. ಅರ್ಜುಮಂದ್‌ರ ಬಟ್ಟಲಲ್ಲಿ ಅವರೇ ಮರೆತ ಸಿಹಿ ಚಹಾದೊಳಗೆ ಮಾತ್ರ ಐದಾರು ತೇಲುತ್ತಿದ್ದವು.

ಅದನ್ನು ನೋಡಿ ಮೊದಲು ನಕ್ಕವರು ಅರ್ಜುಮಂದೇ. ಆಮೇಲೆ ಅಂಗಳ ಪೂರ್ತಿ ನಕ್ಕಿತು. ಅವರು ಕೋಟನ್ನು ಎತ್ತಿ ಕೊಡವಿ, ತಾವೇ ತೊಟ್ಟು, ಖಣದ ಮೂಲೆಯನ್ನು ಹಿಡಿದು ನೋಡಿದರು. "ಮದಲಿನಕ್ಕಿಂತ ಇದಾ ಛಂದ ಅದ" ಎಂದರು. "ಉಡಿ ತುಂಬಿದ ಕೋಟು ಅಂತನಾ ಮಾರ್ತೀನಿ. ತಿಂಗಳಾ ನೂರು ಕೊಡ್ರಿ."

"ಆಗಂಗಿಲ್ಲ" ಎಂದಳು ಕಲ್ಯಾಣಮ್ಮ.

ಕರೀಮಾಬಿ ಮುದುಕಿಯ ಕಡೆ ತಿರುಗಿದಳು. ನೂರಕ್ಕೆ ಹ್ಞೂಂ ಅನ್ನುವುದು ಬಿಟ್ಟು ಈ ಮುದುಕಿ! ಆದರೆ ಮರುಕ್ಷಣವೇ ಲೆಕ್ಕ ತಲೆಗೆ ಹತ್ತಿತು. ಒಂಬತ್ತು ಜತೆ ಕೈ, ಗಿಡ್ಡಪ್ಪ ತರುವ ಸೀರೆ ಇಷ್ಟು. ನೂರು ಎಂದರೆ ಮಶೀನು ತರಬೇಕು, ಹೊಸ ಬಟ್ಟೆ ಕೂಡಿಸಬೇಕು. ಆಗ ಇದು ಎಲ್ಲರ ಅಂಗಡಿಯಲ್ಲೂ ಸಿಗುವ ಮಾಲಾಗುತ್ತದೆ. ಇಪ್ಪತ್ತೆರಡು ವರ್ಷ "ಹ್ಞೂಂ ರೀ" ಎಂದೇ ರೂಢಿಯಾದ ಬಾಯಿ ಈ ಸಲ ಬೇರೆ ಮಾತಾಡಿತು.

"ಯಮ್ಮ ಹೇಳೂದು ಖರೇ ಐತ್ರಿ" ಎಂದಳು. "ತಿಂಗಳಿಗೆ ಅರವತ್ತು. ಎಲ್ಲಾ ಕೈ ಹೊಲಿಗಿ, ಎಲ್ಲಾ ಹಳೇ ಸೀರಿ. ಅದರ ಮ್ಯಾಲ ಒಂದೂ ಬರಂಗಿಲ್ಲ."

ಅರ್ಜುಮಂದ್ ಅವಳನ್ನು ಒಂದು ಗಳಿಗೆ ನೋಡಿದರು. ಹಟ ಮಾಡುವ ಗಿರಾಕಿಗಳನ್ನು ಕಂಡಿದ್ದ ಅವರು ಹಟ ಮಾಡುವ ದರ್ಜಿಯನ್ನು ಕಂಡಿದ್ದು ಕಡಿಮೆ. "ಸಿಗೂದು ಕಡಿಮಿ ಇದ್ರ ರೇಟು ನಾನಾ ಏರಸ್ತೀನಿ" ಎಂದರು. "ಅರವತ್ತು, ಪಕ್ಕಾ. ತಂದ ನಲವತ್ತೂ ಇಲ್ಲೇ ಬಿಟ್ಟು ಹೋಗ್ರಿ. ನಿಮ್ಮ ಮೈಮ್ಯಾಲಿನವೂ!" ಹತ್ತು ಮಂದಿ ಕೋಟು ಬಿಚ್ಚಿಕೊಟ್ಟು, ಬರಿ ಸೀರೆಯಲ್ಲಿ, ಬಸ್ ಸ್ಟ್ಯಾಂಡಿನವರೆಗೂ ನಗುತ್ತ ನಡೆದರು.

ದೀಪಾವಳಿಗೆ ಎರಡು ದಿನ ಮುಂಚೆ ಕರೀಮಾಬಿ ಸಿಂಧನೂರಿಗೆ ಹೋದಳು. ಟ್ರಂಕಿನ ಖಣಗಳು ತಿಂಗಳಿಗೆ ಅರವತ್ತು ಕೋಟಿಗೆ ಬಹಳ ದಿನ ಸಾಲುವಂತಿರಲಿಲ್ಲ. ಚನ್ನವೀರ ಸಾಹುಕಾರರ ಅಂಗಡಿಯ ಹಿಂದಿನ ಕೋಣೆಯಲ್ಲಿ ಖಣದ ಥಾನು ಕತ್ತರಿಸಿ ಉಳಿದ ತುಂಡುಗಳು ಮೂಟೆಗಟ್ಟಲೆ ಇದ್ದವು. ಬಹಳಷ್ಟನ್ನು ಅವಳೇ ಕತ್ತರಿಸಿದ್ದಳು.

"ಬಂದೇನು? ನಿನ್ನ ಜಾಗ ಹಂಗಾ ಐತಿ ನೋಡು" ಎಂದರು ಸಾಹುಕಾರರು.

"ಅಲ್ಲಿ ಬ್ಯಾರೆಯವ್ರನ್ನ ಕೂಡಸ್ರಿ ಸಾಹುಕಾರ್ರ" ಎಂದು ಕರೀಮಾಬಿ ಚಪ್ಪಲಿ ಬಿಟ್ಟು ಒಳಗೆ ಬಂದು, ಗಿರಾಕಿಗಳು ಕೂಡುವ ಬಿಳಿ ಗಾದಿಯ ಮೇಲೆ ಕೂತಳು. ಇಪ್ಪತ್ತೆರಡು ವರ್ಷದಲ್ಲಿ ಅದರ ಮೇಲೆ ಅವಳು ಕೂತದ್ದು ಅದೇ ಮೊದಲು. "ನನಗ ತುಂಡು ಖಣ ಬೇಕಾಗ್ಯಾವು. ಹಿಂದಿನ ಕೋಣ್ಯಾಗಿನವು ಅಷ್ಟೂ."

"ಆ ಕಸ ಏನು? ಇಲಿ ಕಡ್ಯಾಕತ್ತಾವು. ಪುಕ್ಕಟೆ ಒಯ್ಯಿ, ನನಗೂ ಕೋಣಿ ಖಾಲಿ ಆಕ್ಕೈತಿ."

"ಪುಕ್ಕಟೆ ಒಯ್ದ್ರ ನಾ ನಿಮ್ಮ ಅಂಗಡಿ ಆಳಾಗಿನಾ ಉಳೀತೀನ್ರಿ" ಎಂದಳು ಕರೀಮಾಬಿ. "ತೂಗಿ ಕೊಡ್ರಿ, ಗಿರಾಕಿ ಆಕ್ಕೀನಿ. ಈ ಸಲ ಅಲ್ಲ, ತಿಂಗಳಾ ಬರ್ತೀನಿ."

ಸಾಹುಕಾರರು ಕನ್ನಡಕ ಮೇಲಕ್ಕೇರಿಸಿ ಅವಳನ್ನು ನೋಡಿದರು. ಆಮೇಲೆ ನಿಧಾನವಾಗಿ ಅವರ ಮುಖದಲ್ಲಿ ನಗೆ ಹರಡಿತು. ವ್ಯಾಪಾರಿಗೆ ವ್ಯಾಪಾರಿಯ ಗುರುತು ಹತ್ತಲು ಎಷ್ಟು ಹೊತ್ತು ಬೇಕು? ಚಹಾ ತರಿಸಿದರು. ಆದರೆ ಬಟ್ಟೆ ಅಂಗಡಿಯಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಹಬ್ಬದ ಗಿರಾಕಿಗಳ ನಡುವೆ ಕೆಲಸದವರಿಗೆ ಪುರುಸೊತ್ತಿರಲಿಲ್ಲ. ಚನ್ನವೀರ ಸಾಹುಕಾರರು ತಾವೇ ಚಪ್ಪಲಿ ಮೆಟ್ಟಿ, ರಸ್ತೆ ದಾಟಿ, ಎದುರಿನ ಕಿರಾಣಿ ಅಂಗಡಿಯಿಂದ ತೂಕದ ಯಂತ್ರವನ್ನು ಎದೆಗವಚಿಕೊಂಡು, ಆಟೋಗಳ ನಡುವೆ ದಾರಿ ಮಾಡಿಕೊಂಡು ಬಂದರು. ಸಿಂಧನೂರಿನ ಅರ್ಧ ಬಜಾರು ನೋಡುತ್ತಿತ್ತು. ಕರೀಮಾಬಿ ಚಹಾ ಕುಡಿಯುತ್ತ ಕಾಯ್ದಳು.

ಯಂತ್ರವನ್ನು ಅವಳ ಮುಂದಿಟ್ಟು, ಮೊದಲ ಮೂಟೆಯನ್ನು ಅದರ ಮೇಲೆತ್ತಲು ಸಾಹುಕಾರರು ಬಗ್ಗಿದರು. ಖಾಲಿ ಯಂತ್ರ ಆಗಲೇ ಇನ್ನೂರು ಗ್ರಾಂ ತೋರಿಸುತ್ತಿತ್ತು.

"ತಡೀರಿ" ಎಂದಳು ಕರೀಮಾಬಿ. "ಮದಲ ಸೊನ್ನಿಗೆ ತರ್ರಿ."